ಬ್ರೇಕ್ ಹಿಡಿದರೆ ಮುಂದಕ್ಕೆ ನುಗ್ಗುವ ಬೈಕ್: ಒಂದು ಎಡಗೈಯ ಪ್ರಕರಣ

ದೂರು ಒಂದೇ ಸಾಲಿನದಾಗಿತ್ತು: "ಬ್ರೇಕ್ ಹಿಡಿದ ಕೂಡಲೇ ಬೈಕ್ ಮುಂದಕ್ಕೆ ನುಗ್ಗುತ್ತದೆ ಸರ್."

ಹೇಳಿದವರು ಮೂವತ್ತೈದರ ಆಸುಪಾಸಿನ ಮಹಿಳೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಗೇರ್ ಇಲ್ಲದ ಸ್ಕೂಟರ್ ಓಡಿಸಿದ್ದವರು ಮೂರು ತಿಂಗಳ ಹಿಂದೆ 150 ಸಿಸಿಯ ಬೈಕ್ ಕೊಂಡಿದ್ದರು. ಒಂದೇ ಸಿಲಿಂಡರ್, ಐದು ಗೇರ್, ಫ್ಯುಯೆಲ್ ಇಂಜೆಕ್ಷನ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ (ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ). ಅವರು ದಿನವೂ ಹೋಗಿಬರುವ ದಾರಿಯಲ್ಲಿ ಉದ್ದನೆಯ ಒಂದು ಇಳಿಜಾರಿದೆ. ನುಗ್ಗುವಿಕೆ ಹೆಚ್ಚಾಗಿ ಅಲ್ಲೇ. ಸಮತಟ್ಟಾದ ರಸ್ತೆಯಲ್ಲಿಯೂ ಸ್ವಲ್ಪ ಹಾಗಾಗುತ್ತದೆ, ಆದರೆ ಹೆದರಿಸುವಷ್ಟಲ್ಲ ಎಂದರು.

ನನ್ನ ಬಳಿ ಬರುವ ಮೊದಲು ಇಬ್ಬರು ಮೆಕ್ಯಾನಿಕ್‌ಗಳು ಬೈಕನ್ನು ನೋಡಿದ್ದರು. ಒಬ್ಬರು ಡಿಸ್ಕ್ ಪ್ಯಾಡ್ ಬದಲಿಸಿದರು. ಇನ್ನೊಬ್ಬರು ಹಿಂದಿನ ಡ್ರಮ್ ಬಿಚ್ಚಿ ನೋಡಿ, ಲೈನರ್ (ಡ್ರಮ್ಮಿಗೆ ತಿಕ್ಕಿ ಚಕ್ರವನ್ನು ಹಿಡಿಯುವ ಪದರ) ಹೊಸದರಂತೆಯೇ ಇದೆ ಎಂದು ಹಾಗೆಯೇ ಮುಚ್ಚಿದರು. ಬ್ರೇಕ್ ಆಯಿಲ್ ಬದಲಿಸಿದ್ದೂ ಆಯಿತು. ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಳ್ಳುತ್ತಿರಬಹುದೆಂಬ ಅನುಮಾನದಿಂದ ಅದಕ್ಕೂ ಎಣ್ಣೆ ಬಿಟ್ಟರು. ನುಗ್ಗುವುದು ನಿಲ್ಲಲಿಲ್ಲ. ಬೈಕ್ ಮಾರಿ ಮತ್ತೆ ಸ್ಕೂಟರ್ ಹತ್ತುವ ನಿರ್ಧಾರಕ್ಕೆ ಬಂದಿದ್ದವರು, ಕೊನೆಯದಾಗಿ ಒಂದು ಬಾರಿ ತೋರಿಸೋಣವೆಂದು ಬಂದಿದ್ದರು. ನಾನು ಬೈಕ್ ರಿಪೇರಿ ಮಾಡುವವನಲ್ಲ, ಸವಾರಿ ಕಲಿಸುವವನು. ಆದರೂ ಎರಡನೇ ಮೆಕ್ಯಾನಿಕ್ ಹೇಳಿದ್ದ ಒಂದು ಮಾತು ನನ್ನ ಕಿವಿ ನಿಮಿರಿಸಿತು. ಹಿಂದಿನ ಲೈನರ್ ಹೊಸದರಂತಿದೆ. ಮುಂದಿನ ಪ್ಯಾಡ್ ಸವೆದು ಬದಲಿಸಬೇಕಾಗಿ ಬಂದಿರುವ ಬೈಕಿನಲ್ಲಿ ಹಿಂದಿನ ಲೈನರ್ ಅಷ್ಟು ಹೊಸದಾಗಿ ಏಕೆ ಉಳಿದಿದೆ?

ಕಿವಿಗೆ ಸಿಕ್ಕ ಸುಳಿವು

ಮೊದಲು ನಾನೇ ಅವರ ಬೈಕನ್ನು ಇಳಿಜಾರಿನಲ್ಲಿ ಓಡಿಸಿದೆ. ಏನೂ ಆಗಲಿಲ್ಲ. ಎರಡೂ ಬ್ರೇಕ್ ಚೆನ್ನಾಗಿ ಹಿಡಿಯುತ್ತಿದ್ದವು, ಆಕ್ಸಿಲರೇಟರ್ ಬಿಟ್ಟ ಕೂಡಲೇ ಸರಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಅವರನ್ನು ಮುಂದೆ ಬಿಟ್ಟು, ನನ್ನ ಬೈಕಿನಲ್ಲಿ ಸ್ವಲ್ಪ ಅಂತರ ಇಟ್ಟುಕೊಂಡು ಹಿಂಬಾಲಿಸಿದೆ.

ಹಿಂದಿನಿಂದ ನೋಡಿದರೆ ಸವಾರರ ಕೈ ಕಾಣುವುದಿಲ್ಲ. ಆದರೆ ಎಂಜಿನ್ನಿನ ಸದ್ದು ಕೇಳುತ್ತದೆ. ಅವರ ಬ್ರೇಕ್ ದೀಪ ಹೊತ್ತಿಕೊಂಡ ಪ್ರತಿ ಸಲವೂ ಹೆಚ್ಚು ಕಡಿಮೆ ಅದೇ ಕ್ಷಣಕ್ಕೆ ಎಂಜಿನ್ನಿನ ಸದ್ದು ಸಟ್ಟನೆ ಐಡ್ಲಿಂಗ್‌ಗೆ, ಅಂದರೆ ನಿಂತ ಬೈಕಿನ ಎಂಜಿನ್ ಗುನುಗುವ ಮಟ್ಟಕ್ಕೆ, ಇಳಿಯುತ್ತಿತ್ತು. ಗೇರಿನಲ್ಲಿರುವ ಬೈಕ್ ನಿಧಾನವಾಗುವಾಗ ಸದ್ದು ಚಕ್ರದ ಜೊತೆಗೇ ಮೆಲ್ಲಗೆ ಇಳಿಯಬೇಕು. ಇಲ್ಲಿ ಸದ್ದು ಹಗ್ಗ ಕತ್ತರಿಸಿದಂತೆ ಬೀಳುತ್ತಿತ್ತು. ದೀಪ ಮತ್ತು ಸದ್ದು ಒಟ್ಟಿಗೆ ಬದಲಾಗುತ್ತಿವೆ ಎಂದರೆ ಬ್ರೇಕ್ ಮತ್ತು ಕ್ಲಚ್ (ಎಂಜಿನ್ನನ್ನು ಚಕ್ರದಿಂದ ಬೇರ್ಪಡಿಸುವ ಲಿವರ್) ಒಟ್ಟಿಗೆ ಹಿಡಿಯಲ್ಪಡುತ್ತಿವೆ ಎಂದೇ ಅರ್ಥ.

ಕೆಳಗೆ ಬಂದು ನಿಂತ ಮೇಲೆ, ಎಂಜಿನ್ ಆಫ್ ಮಾಡಿಸಿ ಕೇಳಿದೆ: "ಈಗ ಎದುರಿಗೆ ಯಾರೋ ಅಡ್ಡ ಬಂದರು ಎಂದುಕೊಳ್ಳಿ. ಏನು ಮಾಡುತ್ತೀರಿ?"

"ಎರಡೂ ಬ್ರೇಕ್ ಹಿಡಿಯುತ್ತೇನೆ," ಎನ್ನುತ್ತಲೇ ಅವರ ಎರಡೂ ಕೈಗಳ ಬೆರಳುಗಳು ಮುಚ್ಚಿಕೊಂಡವು. ಬಲಗಾಲು ಫುಟ್‌ರೆಸ್ಟ್ ಮೇಲೆ ಇದ್ದಲ್ಲೇ ಇತ್ತು.

ಪ್ರಕರಣದ ಬೀಗ ಅಲ್ಲೇ ತೆರೆಯಿತು. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಡಗೈಯ ಲಿವರ್ ಎಂದರೆ ಹಿಂದಿನ ಬ್ರೇಕ್. ಕಾಂಬಿ ಬ್ರೇಕ್ ಇರುವ ಸ್ಕೂಟರ್ ಆದರೆ ಆ ಒಂದು ಲಿವರ್ ಎರಡೂ ಚಕ್ರಗಳನ್ನು ಹಿಡಿಯುತ್ತದೆ. ಅವರ ಹಳೆಯ ಸ್ಕೂಟರ್ ಅಂಥದ್ದೇ. ಹತ್ತು ವರ್ಷ, ದಿನಕ್ಕೆ ಎಷ್ಟು ಬಾರಿಯೋ, ನಿಲ್ಲಬೇಕು ಎನ್ನಿಸಿದಾಗಲೆಲ್ಲ ಅವರ ಎಡಗೈ ಮುಚ್ಚಿಕೊಂಡಿದೆ, ವಾಹನ ನಿಂತಿದೆ. ಬೈಕಿನಲ್ಲಿ ಅದೇ ಜಾಗದಲ್ಲಿ ಕೂತಿರುವುದು ಕ್ಲಚ್. ಎಡ ಲಿವರ್ ಕ್ಲಚ್ ಎಂಬುದು ಅವರ ತಲೆಗೆ ಚೆನ್ನಾಗಿ ಗೊತ್ತಿತ್ತು, ಗೇರ್ ಬದಲಿಸುವಾಗ ಸರಿಯಾಗಿಯೇ ಬಳಸುತ್ತಿದ್ದರು. ಕೈಗೆ ಮಾತ್ರ ಗೊತ್ತಾಗಿರಲಿಲ್ಲ. ಹಿಂದಿನ ಬ್ರೇಕಿನ ಪೆಡಲ್ ಅನ್ನು ಅವರು ಹೆಚ್ಚು ಕಡಿಮೆ ಮುಟ್ಟಿಯೇ ಇರಲಿಲ್ಲ. ಲೈನರ್ ಹೊಸದರಂತೆ ಉಳಿದದ್ದು ಹಾಗೆ.

ನುಗ್ಗಿದ್ದು ನಿಜವೇ?

ನಿಜ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅವರಿಗೆ ಹಲವರು "ಅದು ನಿಮ್ಮ ಭಯ ಅಷ್ಟೆ" ಎಂದು ಹೇಳಿ ಕಳಿಸಿದ್ದರು.

ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಗಾಳಿ ಹೋಗುವ ದಾರಿ ಹೆಚ್ಚು ಕಡಿಮೆ ಮುಚ್ಚಿಕೊಳ್ಳುತ್ತದೆ. ಆದರೆ ಗೇರ್ ಹಾಕಿದ್ದು ಕ್ಲಚ್ ಬಿಟ್ಟಿದ್ದರೆ ಹಿಂದಿನ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಪಿಸ್ಟನ್ ಕೆಳಗಿಳಿಯುವಾಗಲೆಲ್ಲ ಆ ಕಿರಿದಾದ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಹೆಣಗಬೇಕು. ಬಾಟಲಿಯ ಬಾಯಿಗೆ ಬೆರಳಿಟ್ಟು ಉಸಿರೆಳೆದರೆ ಎದೆಗೆ ಎಷ್ಟು ಕಷ್ಟವೋ ಹಾಗೆ. ಇವರ ಬೈಕಿನಂಥದ್ದರಲ್ಲಿ ಮೂರನೇ ಗೇರಿನಲ್ಲಿ ಗಂಟೆಗೆ 30 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,400 ಸುತ್ತು ತಿರುಗುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 28 ಬಾರಿ ಈ ಹೆಣಗಾಟ. ಅದರ ಜೊತೆಗೆ ಪಿಸ್ಟನ್ ರಿಂಗ್, ಬೇರಿಂಗ್, ವಾಲ್ವ್‌ಗಳ ತಿಕ್ಕಾಟ. ಈ ಎಲ್ಲದರ ಖರ್ಚನ್ನು ಹಿಂದಿನ ಚಕ್ರ ಭರಿಸುತ್ತದೆ, ಬೈಕ್ ನಿಧಾನವಾಗುತ್ತದೆ. ಎಂಜಿನ್ ಬ್ರೇಕಿಂಗ್ ಎಂದರೆ ಇದೇ. ಸಿಲಿಂಡರ್ ಒಳಗಿನ ಕಂಪ್ರೆಷನ್ ಬೈಕನ್ನು ಹಿಡಿದು ನಿಲ್ಲಿಸುತ್ತದೆ ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಮರಳಿ ತಳ್ಳುವುದರಿಂದ ಅದರಲ್ಲಿ ಖರ್ಚಾಗುವುದು ಕಡಿಮೆ. ಪೆಟ್ರೋಲ್ ಎಂಜಿನ್ನಿನಲ್ಲಿ ಮುಖ್ಯ ಕೆಲಸ ಉಸಿರೆಳೆಯುವುದರದ್ದು ಮತ್ತು ತಿಕ್ಕಾಟದ್ದು.

ಕ್ಲಚ್ ಹಿಡಿದ ಕ್ಷಣ ಇದೆಲ್ಲ ಚಕ್ರದಿಂದ ಕಳಚಿಕೊಳ್ಳುತ್ತದೆ. ಎಣ್ಣೆಯಲ್ಲಿ ಅದ್ದಿರುವ ಕ್ಲಚ್ ಪ್ಲೇಟುಗಳು ಬೇರೆಯಾಗುತ್ತವೆ, ಬೈಕ್ ಬರೀ ಎರಡು ಚಕ್ರದ ಗಾಡಿಯಾಗಿ ಉರುಳುತ್ತದೆ. ಅವರ ಎಡಗೈ ಬಲಗೈಗಿಂತ ಅರ್ಧ ಸೆಕೆಂಡಿನಷ್ಟು ಮೊದಲು ಮುಚ್ಚಿಕೊಳ್ಳುತ್ತಿತ್ತು. ಸ್ಕೂಟರಿನಲ್ಲಿ ಅದೇ ಮುಖ್ಯ ಬ್ರೇಕ್ ಆಗಿತ್ತಲ್ಲವೇ. ಆ ಅರ್ಧ ಸೆಕೆಂಡಿನಲ್ಲಿ ಎಂಜಿನ್ನಿನ ಹಿಡಿತ ಹೋಗಿದೆ, ಡಿಸ್ಕ್ ಇನ್ನೂ ಹಿಡಿದಿಲ್ಲ, ಇಳಿಜಾರು ಮಾತ್ರ ಎಳೆಯುತ್ತಿದೆ. ಮೈಗೆ ವೇಗಕ್ಕಿಂತ ವೇಗದ ಬದಲಾವಣೆ ಬೇಗ ತಿಳಿಯುತ್ತದೆ. ಹಿಡಿದಿದ್ದ ಕೈ ಬಿಟ್ಟರೆ ಆಗುವಂಥ ಅನುಭವ ಅದು.

ಇದನ್ನು ಅವರಿಗೆ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದೆನಿಸಿತು. ಅವರ ಇಳಿಜಾರು 100 ಮೀಟರಿಗೆ ಸುಮಾರು 6 ಮೀಟರ್ ಇಳಿಯುವಂಥದ್ದು. ಬೆಳಗಿನ ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ ಕ್ಲಚ್ ಹಿಡಿದು, ಬ್ರೇಕ್ ಮುಟ್ಟದೆ ಬಿಡಲು ಹೇಳಿದೆ. ಹತ್ತು ಸೆಕೆಂಡಿನಲ್ಲಿ ಮುಳ್ಳು 40ಕ್ಕೆ ಹೋಯಿತು. ಮತ್ತೆ ಮೇಲಿನಿಂದ, ಅದೇ 30, ಮೂರನೇ ಗೇರ್, ಈ ಸಲ ಎಡಗೈ ಬರೀ ಹಿಡಿಕೆಯ ಮೇಲೆ. ಮುಳ್ಳು 30ರ ಸುತ್ತಲೇ ಆಡುತ್ತ ಕೆಳಗಿನವರೆಗೂ ಬಂತು. ಎರಡನೆಯ ಇಳಿತ ಮುಗಿಸಿ ಹೆಲ್ಮೆಟ್ ತೆಗೆದಾಗ ಅವರ ಮುಖದಲ್ಲಿ ಇದ್ದದ್ದು ಸಂತೋಷಕ್ಕಿಂತ ಸಮಾಧಾನ. "ಹಾಗಾದರೆ ಅದು ನನ್ನ ಭ್ರಮೆ ಆಗಿರಲಿಲ್ಲ," ಎಂದರು.

ನನ್ನ ಮೊದಲ ಸಲಹೆ, ಅದರಿಂದಾದ ಅಪಾಯ

ಇಲ್ಲಿ ನನ್ನಿಂದ ತಪ್ಪಾಯಿತು. ಅದನ್ನು ಪೂರ್ತಿಯಾಗಿ ಬರೆಯುವುದು ಅಗತ್ಯ, ಏಕೆಂದರೆ ಇಂಥ ಸಲಹೆಯನ್ನು ಬಹಳ ಜನ ಕೊಡುತ್ತಾರೆ.

"ನಿಧಾನ ಮಾಡುವಾಗ ಕ್ಲಚ್ ಮರೆತುಬಿಡಿ, ಎಂಜಿನ್ನಿನಿಂದ ಹಿಡಿಯಿರಿ, ಬೇಕಾದರೆ ಗೇರ್ ಇಳಿಸಿ," ಎಂದಿದ್ದೆ. ಅಷ್ಟೇ. ಯಾವ ವೇಗಕ್ಕೆ ಯಾವ ಗೇರ್, ಕ್ಲಚ್ ಬಿಡುವುದು ಹೇಗೆ ಎಂದು ಹೇಳಲಿಲ್ಲ. ಮೂರನೇ ದಿನ, ಇಳಿಜಾರಿನ ಕೊನೆಯ ತಿರುವಿಗೆ ಮೊದಲು, ಸುಮಾರು 35ರ ವೇಗದಲ್ಲಿ ಅವರು ಮುಂದಿನ ಬ್ರೇಕ್ ಹಿಡಿದುಕೊಂಡೇ ಮೂರನೆಯದರಿಂದ ಎರಡು ಸಲ ಗೇರ್ ಲಿವರ್ ಒತ್ತಿ ಕ್ಲಚ್ ಅನ್ನು ಒಮ್ಮೆಲೇ ಬಿಟ್ಟರು. ಬೈಕ್ ಒಂದನೇ ಗೇರಿನಲ್ಲಿತ್ತು. ಹಿಂದಿನ ಚಕ್ರ ಕೀರಲು ಸದ್ದು ಮಾಡುತ್ತ ಪಕ್ಕಕ್ಕೆ ಜಾರಿತು. ಹಿಂದೆ ಇದ್ದ ನನಗೆ ಬೈಕಿನ ಪಕ್ಕದ ಭಾಗ ಕಾಣುವಷ್ಟು ಜಾರಿತು.

ಲೆಕ್ಕ ನೋಡಿದರೆ ಆಶ್ಚರ್ಯವಿಲ್ಲ. ಇಂಥ ಸಣ್ಣ ಬೈಕುಗಳಲ್ಲಿ ಮೂರನೇ ಗೇರಿನ ಅನುಪಾತ 1.3ರ ಹತ್ತಿರ, ಎರಡನೆಯದು 1.8ರ ಹತ್ತಿರ, ಒಂದನೆಯದು 2.9ರ ಹತ್ತಿರ ಇರುವುದುಂಟು. 35ರ ವೇಗಕ್ಕೆ ಮೂರನೇ ಗೇರಿನಲ್ಲಿ ಎಂಜಿನ್ 4,000 ಸುತ್ತು ತಿರುಗುತ್ತದೆ ಎಂದುಕೊಂಡರೆ ಎರಡನೆಯದರಲ್ಲಿ 5,500, ಒಂದನೆಯದರಲ್ಲಿ 9,000ದ ಹತ್ತಿರ ತಿರುಗಬೇಕು. ಕ್ಲಚ್ ಹಿಡಿದಿದ್ದ ಹೊತ್ತಿನಲ್ಲಿ ಎಂಜಿನ್ 1,500ರ ಆಸುಪಾಸಿಗೆ ಇಳಿದಿತ್ತು. ಅಲ್ಲಿಂದ 9,000ಕ್ಕೆ ಅದನ್ನು ಒಂದೇ ಏಟಿಗೆ ಎಳೆದು ಏರಿಸುವ ಕೆಲಸ ಹಿಂದಿನ ಟೈರಿನ ಪಾಲಿಗೆ ಬಂತು. ಅದೂ ಎಂಥ ಹೊತ್ತಿನಲ್ಲಿ? ಮುಂದಿನ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಹಿಂದಿನ ಟೈರು ನೆಲವನ್ನು ಹಗುರವಾಗಿ ಮುಟ್ಟಿಕೊಂಡಿರುವಾಗಲೇ ಅದರ ಮೇಲೆ ಈ ಹೊರೆ. ಎಬಿಎಸ್ ಇಲ್ಲಿ ನೆರವಿಗೆ ಬರುವುದಿಲ್ಲ. ಇವರ ಬೈಕಿನಲ್ಲಿ ಅದು ಹಿಂದಿನ ಚಕ್ರಕ್ಕೆ ಇರಲೇ ಇಲ್ಲ. ಇದ್ದಿದ್ದರೂ ಅದು ಸಡಿಲಿಸಬಲ್ಲದ್ದು ಬ್ರೇಕಿನ ಒತ್ತಡವನ್ನು, ಎಂಜಿನ್ನಿನ ಎಳೆತವನ್ನಲ್ಲ. ಕೆಲವು ಬೈಕುಗಳಲ್ಲಿ ಸ್ಲಿಪ್ಪರ್ ಕ್ಲಚ್ ಇರುತ್ತದೆ. ಚಕ್ರ ಎಂಜಿನ್ನನ್ನು ಅತಿಯಾಗಿ ತಳ್ಳಿದಾಗ ಅದು ಪ್ಲೇಟುಗಳ ಒತ್ತಡವನ್ನು ತಾನೇ ಸ್ವಲ್ಪ ಸಡಿಲಿಸುತ್ತದೆ. ಇವರ ಬೈಕಿನಲ್ಲಿ ಅದೂ ಇರಲಿಲ್ಲ.

ಅವರು ಬೀಳಲಿಲ್ಲ. ಬೀಳದಂತೆ ಕಾಪಾಡಿದ್ದು ಅದೇ ಹಳೆಯ ಅಭ್ಯಾಸ. ಹೆದರಿದ ಕೂಡಲೇ ಎಡಗೈ ಮುಚ್ಚಿಕೊಂಡಿತು, ಕ್ಲಚ್ ಹಿಡಿಯಿತು, ಎಂಜಿನ್ನಿನ ಎಳೆತ ಬಿಟ್ಟುಹೋಗಿ ಹಿಂದಿನ ಚಕ್ರ ಮತ್ತೆ ಉರುಳತೊಡಗಿ ದಾರಿಗೆ ಬಂತು. ಎಂಜಿನ್ನಿನಿಂದಾಗಿ ಹಿಂದಿನ ಚಕ್ರ ಜಾರಿದಾಗ ಮಾಡಬೇಕಾದದ್ದು ಅದೇ. ಮೂರು ದಿನದಿಂದ ನಾನು ಬಿಡಿಸಲು ಹೊರಟಿದ್ದ ಚಲನೆ ಆ ಕ್ಷಣಕ್ಕೆ ಸರಿಯಾದ ಚಲನೆಯಾಗಿತ್ತು. ಕ್ಲಚ್ ಮರೆಯಬೇಕೆಂದು ಹೇಳಿದ್ದೇ ತಪ್ಪು. ಅದನ್ನು ಯಾವಾಗ ಹಿಡಿಯಬೇಕು, ಹೇಗೆ ಬಿಡಬೇಕು ಎಂಬುದನ್ನು ಕಲಿಸಬೇಕಿತ್ತು.

ಮತ್ತೆ ಮೊದಲಿನಿಂದ

ಇಳಿಜಾರು ಬಿಟ್ಟು ಸಮತಟ್ಟಾದ ಖಾಲಿ ಮೈದಾನಕ್ಕೆ ಹೋದೆವು. ಮೊದಲ ಪಾಠ ಕಿವಿಯದು. ಮೂರನೇ ಗೇರ್, 35ರ ವೇಗ, ಆಕ್ಸಿಲರೇಟರ್ ಪೂರ್ತಿ ಬಿಡುವುದು, ಎಡಗೈಯ ಐದೂ ಬೆರಳು ಹಿಡಿಕೆಯ ಸುತ್ತ, ಲಿವರ್ ಮೇಲೆ ಒಂದೂ ಇಲ್ಲ. ಬಲಗೈ ಮತ್ತು ಬಲಗಾಲು ಮೆಲ್ಲಗೆ ಬ್ರೇಕ್ ಹಿಡಿಯುತ್ತವೆ. ಸದ್ದು ಇಳಿಯುತ್ತ ಹೋಗುತ್ತದೆ. ಇಪ್ಪತ್ತರ ಹತ್ತಿರ ಎಂಜಿನ್ ಜಗ್ಗುವ ಸೂಚನೆ ಕೊಡುತ್ತದೆ, ಚೈನ್ ಕಟಕಟ ಎನ್ನುತ್ತದೆ. ಆಗ ಕ್ಲಚ್. ಅದಕ್ಕೆ ಮೊದಲು ಬೇಡ, ಅದಕ್ಕಿಂತ ತಡವೂ ಬೇಡ. ತಡವಾದರೆ ಎಂಜಿನ್ ನಿಂತುಹೋಗುತ್ತದೆ. ಎರಡನೇ ಗೇರಿನಲ್ಲಿ ಇದೇ ಗಡಿ ಇನ್ನೂ ಕೆಳಗೆ, ಒಂದನೆಯದರಲ್ಲಿ ನಡಿಗೆಯ ವೇಗದ ಹತ್ತಿರ. ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ಸದ್ದನ್ನು ನೆನಪಿಟ್ಟುಕೊಳ್ಳಲು ಹೇಳಿದೆ. ಬೇಕೆಂದೇ ನಾಲ್ಕೈದು ಸಲ ಎಂಜಿನ್ ನಿಂತುಹೋಗುವಂತೆ ಮಾಡಿಸಿದೆ. ಎಂಜಿನ್ ನಿಂತರೆ ಅವಮಾನ ಎಂಬ ಭಯ ಹೊಸ ಸವಾರರ ಎಡಗೈಯನ್ನು ಅವಸರಪಡಿಸುತ್ತದೆ. ಆ ಭಯ ಹೋಗದೆ ಕೈ ಕಾಯುವುದಿಲ್ಲ.

ಬಲಗಾಲಿನ ಪಾಠ ಬೇಗ ಮುಗಿಯಿತು.

ಗೇರ್ ಇಳಿಸುವ ಪಾಠಕ್ಕೆ ಎರಡು ದಿನ ಹಿಡಿಯಿತು. ಮೊದಲು ಬ್ರೇಕಿನಿಂದ ವೇಗ ಇಳಿಸುವುದು, ಆಮೇಲೆ ಆ ವೇಗಕ್ಕೆ ತಕ್ಕ ಗೇರ್ ಹಾಕುವುದು, ಒಂದು ಸಲಕ್ಕೆ ಒಂದೇ ಗೇರ್. ಕ್ಲಚ್ ಹಿಡಿದಿರುವಾಗ ಆಕ್ಸಿಲರೇಟರನ್ನು ಬೆರಳಗಲದಷ್ಟು ತಿರುಗಿಸಿ ಬಿಡುವುದು. ಎಂಜಿನ್ನಿನ ವೇಗ ತಾನೇ ಸ್ವಲ್ಪ ಏರಿರುತ್ತದೆ, ಟೈರು ಅದನ್ನು ಎಳೆದು ಏರಿಸಬೇಕಾಗಿಲ್ಲ. ಆಮೇಲೆ ಕ್ಲಚ್ ಅನ್ನು ಒಂದು ಸೆಕೆಂಡಿನಷ್ಟು ಕಾಲ ತೆಗೆದುಕೊಂಡು ಬಿಡುವುದು. ಬ್ರೇಕ್ ಹಿಡಿದುಕೊಂಡೇ ಅದೇ ಕೈಯಿಂದ ಆಕ್ಸಿಲರೇಟರ್ ತಿರುಗಿಸುವುದು ಅವರಿಗೆ ಕಷ್ಟವಾಯಿತು. ಅದನ್ನು ಒತ್ತಾಯಿಸಲಿಲ್ಲ. ಈ ಗಾತ್ರದ ಬೈಕಿನಲ್ಲಿ, ಊರೊಳಗಿನ ವೇಗದಲ್ಲಿ, ಕ್ಲಚ್ ನಿಧಾನವಾಗಿ ಬಿಡುವುದೊಂದೇ ಸಾಕು. ಒಂದನೇ ಗೇರ್ ಮಾತ್ರ ಬೈಕ್ ಇನ್ನೇನು ನಿಲ್ಲುವ ಹೊತ್ತಿಗೆ. ಎರಡರಿಂದ ಒಂದಕ್ಕೆ ಇಳಿಯುವಾಗಿನ ಜಿಗಿತ ಉಳಿದೆಲ್ಲ ಗೇರುಗಳ ಜಿಗಿತಕ್ಕಿಂತ ದೊಡ್ಡದು.

ಈ ನಡುವೆ ಅವರು ಒಂದು ಪ್ರಶ್ನೆ ತಂದರು. ಇಳಿಜಾರಿನಲ್ಲಿ ಕ್ಲಚ್ ಹಿಡಿದರೆ ಪೆಟ್ರೋಲ್ ಉಳಿಯುತ್ತದೆ, ಎಂಜಿನ್ನಿನಿಂದ ಹಿಡಿದರೆ ಕ್ಲಚ್ ಪ್ಲೇಟ್ ಸವೆಯುತ್ತದೆ ಎಂದು ಅವರ ತಮ್ಮ ಹೇಳಿದ್ದನಂತೆ. ಎರಡೂ ಸರಿಯಲ್ಲ. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ, ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಸುತ್ತು ಐಡ್ಲಿಂಗ್ ಹತ್ತಿರಕ್ಕೆ ಇಳಿಯುವವರೆಗೆ ಪೆಟ್ರೋಲ್ ನಿಂತೇ ಹೋಗುತ್ತದೆ. ಎಂಜಿನ್ನನ್ನು ಚಕ್ರವೇ ತಿರುಗಿಸುತ್ತಿರುತ್ತದೆ. ಕ್ಲಚ್ ಹಿಡಿದರೆ ಅದು ನಿಂತುಹೋಗದಿರಲು ಪೆಟ್ರೋಲ್ ಕುಡಿಯಲೇಬೇಕು. ಇನ್ನು ಪ್ಲೇಟ್ ಸವೆಯುವುದು ಅದು ಜಾರುವಾಗ, ಅಂದರೆ ಹಾಫ್ ಕ್ಲಚ್‌ನಲ್ಲಿ. ಪೂರ್ತಿ ಬಿಟ್ಟಿರುವ ಕ್ಲಚ್ ಜಾರುವುದಿಲ್ಲ.

ನಾಲ್ಕನೆಯ ಪಾಠದಲ್ಲಿ ಅವರು ನನ್ನೊಡನೆ ವಾದಕ್ಕೆ ನಿಂತರು. ತುರ್ತಾಗಿ ನಿಲ್ಲಬೇಕಾದಾಗ ಎರಡೂ ಬ್ರೇಕ್ ಹಿಡಿಯುವಾಗಲೇ ಕ್ಲಚ್ ಅನ್ನೂ ಹಿಡಿಯಿರಿ ಎಂದೆ.

"ಇಷ್ಟು ದಿನ ಬೇಡ ಬೇಡ ಎಂದಿರಿ, ಈಗ ಹಿಡಿಯಿರಿ ಎನ್ನುತ್ತೀರಿ!"

ಅವರ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ತುರ್ತಿನ ಮಾತು ಬೇರೆ. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಅಂಥ ಹೊತ್ತಿನಲ್ಲಿ ಎಂಜಿನ್ನಿನ ಸದ್ದು ಆಲಿಸುತ್ತ ಕೂರಲು ಪುರುಸೊತ್ತಿಲ್ಲ. ಒಣ ರಸ್ತೆಯಲ್ಲಿ ಎರಡು ಬ್ರೇಕುಗಳು ಬೈಕನ್ನು ಹಿಡಿಯುವ ಬಲದ ಮುಂದೆ ಸಣ್ಣ ಎಂಜಿನ್ನಿನ ಹಿಡಿತ ಬಹಳ ಚಿಕ್ಕದು. ಅದನ್ನು ಕಳೆದುಕೊಂಡರೆ ನಷ್ಟವೇನಿಲ್ಲ. ಬದಲಿಗೆ ಲಾಭವಿದೆ: ಕೊನೆಯ ಕ್ಷಣದಲ್ಲಿ ಎಂಜಿನ್ ನಿಂತುಹೋಗಿ ಚಕ್ರವನ್ನು ಜಗ್ಗುವುದಿಲ್ಲ, ಒಂದನೇ ಗೇರಿಗೆ ಇಳಿಸಿಕೊಂಡು ನಿಂತರೆ ಹಿಂದಿನಿಂದ ಬರುವ ವಾಹನದಿಂದ ಪಕ್ಕಕ್ಕೆ ಸರಿದುಕೊಳ್ಳಬಹುದು. ಎಂಜಿನ್ ಬ್ರೇಕಿಂಗ್ ಬೈಕನ್ನು ನಿಲ್ಲಿಸುವ ಸಾಧನವಲ್ಲ, ವೇಗವನ್ನು ಹಿಡಿದಿಡುವ ಸಾಧನ. ಹಾಗೆ ಹೇಳಿದ ಮೇಲೆ ಅವರು ಒಪ್ಪಿದರು, ಆದರೂ ಹತ್ತು ಸಲ ಮಾಡಿ ನೋಡಿದ ಮೇಲೆಯೇ.

ಇಳಿಜಾರಿಗೆ ಹಿಂತಿರುಗಿ

ಹಿಡಿದಿಡುವುದು ಅಷ್ಟು ಮುಖ್ಯವೇ ಎಂದರೆ, ಇಳಿಜಾರಿನ ಲೆಕ್ಕವೇ ಉತ್ತರ. ಬೈಕ್ ಮತ್ತು ಸವಾರರ ಒಟ್ಟು ತೂಕ 210 ಕೆ.ಜಿ. ಎಂದುಕೊಳ್ಳೋಣ. 50 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಬ್ರೇಕು ಹೀರಿಕೊಳ್ಳಬೇಕಾದದ್ದು ಸುಮಾರು 20 ಕಿಲೋಜೌಲ್ ಶಕ್ತಿ. 300 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆಯಬೇಕಾದದ್ದು 600 ಕಿಲೋಜೌಲ್‌ಗಿಂತ ಹೆಚ್ಚು. ಅಂದರೆ ಬಿಡುವಿಲ್ಲದೆ ಮೂವತ್ತು ಸಲ ನಿಂತಂತೆ. ಗಾಳಿ, ಟೈರು ಒಂದಿಷ್ಟನ್ನು ತಿನ್ನುತ್ತವೆ. ಉಳಿದದ್ದನ್ನು ಇವರ ಬೈಕಿನಲ್ಲಿ ಮೂರು ತಿಂಗಳು ಒಂದೇ ಡಿಸ್ಕ್ ನುಂಗುತ್ತಿತ್ತು. ಪ್ಯಾಡ್ ಅಷ್ಟು ಬೇಗ ಸವೆದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿಯ ಗುಳ್ಳೆಗಳು ತುಂಬಿ, ಲಿವರ್ ಹಿಡಿಕೆಗೆ ತಾಗುವಷ್ಟು ಒಳಬಂದರೂ ಬ್ರೇಕ್ ಹಿಡಿಯುವುದಿಲ್ಲ. ಅವರಿಗೆ ಹಾಗಾಗಿರಲಿಲ್ಲ. ಆ ಇಳಿಜಾರು ಇನ್ನೂ ಉದ್ದವಿದ್ದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆರು ವಾರಗಳ ನಂತರ ಮತ್ತೆ ಅವರ ಹಿಂದೆ ಆ ಇಳಿಜಾರಿನಲ್ಲಿ ಇಳಿದೆ. ಮೇಲೆಯೇ, ಇಳಿಜಾರು ಶುರುವಾಗುವ ಮೊದಲೇ, ಮೂರನೇ ಗೇರಿಗೆ ಬಂದರು. ಮೊದಲ ಸಲ ಹಿಂಬಾಲಿಸಿದಾಗ ಬ್ರೇಕ್ ದೀಪ ಆರಿದ್ದೇ ಅಪರೂಪ. ಈಗ ತಿರುವುಗಳ ಮುನ್ನ ಮಾತ್ರ ಹೊತ್ತಿತು. ಎಂಜಿನ್ನಿನ ಸದ್ದು ಒಂದೇ ಸಮ ಗುನುಗುತ್ತ ಬಂತು. ಒಂದು ವಿಷಯ ಮಾತ್ರ ಅಲ್ಲೇ ಹೇಳಬೇಕಾಯಿತು: ಎಂಜಿನ್ನಿನಿಂದ ನಿಧಾನವಾದರೆ ಬ್ರೇಕ್ ದೀಪ ಹೊತ್ತುವುದಿಲ್ಲ, ಹಿಂದಿರುವವರಿಗೆ ತಿಳಿಯುವುದಿಲ್ಲ. ಹಿಂದೆ ವಾಹನ ಹತ್ತಿರವಿದ್ದರೆ ಪೆಡಲನ್ನು ದೀಪ ಹೊತ್ತುವಷ್ಟು ಮಾತ್ರ ಒತ್ತಿಕೊಳ್ಳಿ ಎಂದೆ.

ಪ್ರಕರಣ ಪೂರ್ತಿ ಮುಗಿದಿಲ್ಲ. ಸಿಗ್ನಲ್ ಬಳಿ ನಿಲ್ಲುವಾಗ ಕೊನೆಯ ಹತ್ತಿಪ್ಪತ್ತು ಮೀಟರಿನಲ್ಲಿ ಅವರ ಎಡಗೈ ಇನ್ನೂ ಬೇಗ ಮುಚ್ಚಿಕೊಳ್ಳುತ್ತದೆ. ಹೋದ ವಾರ ಅವರೇ ಫೋನ್ ಮಾಡಿ ಇನ್ನೊಂದು ವಿಷಯ ಹೇಳಿದರು. ಮನೆಯಲ್ಲಿರುವ ಹಳೆಯ ಸ್ಕೂಟರನ್ನು ಬಹಳ ದಿನದ ಮೇಲೆ ಹತ್ತಿದ್ದರಂತೆ. ತಿರುವಿನಲ್ಲಿ ನಿಧಾನ ಮಾಡಲು ಹೋದಾಗ ಎಡಗೈ ಸುಮ್ಮನಿತ್ತು, ಬಲಗಾಲು ಸ್ಕೂಟರಿನ ನೆಲವನ್ನು ಒತ್ತುತ್ತಿತ್ತು. ಬಲಗೈಯ ಬ್ರೇಕೊಂದರಲ್ಲೇ ನಿಂತರು. ಇನ್ನು ಮುಂದೆ ಯಾವ ವಾಹನ ಹತ್ತಿದರೂ ಮನೆ ಬಿಡುವ ಮೊದಲು ಅಂಗಳದಲ್ಲಿ ನಿಧಾನ ವೇಗದಲ್ಲಿ ಮೂರು ಸಲ ನಿಂತು ನೋಡಿ, ಕೈಕಾಲುಗಳಿಗೆ ಇದು ಯಾವ ವಾಹನ ಎಂದು ತಿಳಿಸಿ ಹೊರಡಬೇಕೆಂದು ಮಾತಾಗಿದೆ. ಸ್ಕೂಟರಿನ ಎಡ ಲಿವರ್‌ಗೆ ಅವರು ಕೆಂಪು ಟೇಪ್ ಸುತ್ತಿದ್ದಾರೆ.